ಮಾತು ನಿಂತು ಮೈ ಮರಗಟ್ಟಿದಾಗ

ಪದ್ಮನಾಭನಗರದ ಒಂದು ಸಂಸಾರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಇಪ್ಪತ್ತೆರಡು ವರ್ಷದ ಹಿರಿಯ ಮಗನು ಕೆಲವು ತಿಂಗಳಿಂದ ಯಾರೋ ತನ್ನನ್ನು ಬೈಯುವ ದನಿ ಕೇಳಿಸುತ್ತಿದೆಯೆನ್ನುತ್ತಿದ್ದನು. ಒಂದು ಬೆಳಗ್ಗೆ ನಡುಮನೆಯಲ್ಲಿ ನಿಂತವನು ನಿಂತೇ ಇದ್ದಾನೆ. ತಾಯಿಯು ಕಾಫಿ ತಂದು "ಒಂದು ಗುಟುಕು ಕುಡಿಯೋ ಕಂದ" ಎಂದರೆ ತುಟಿಯನ್ನು ಬಿಗಿಹಿಡಿಯುತ್ತಾನೆ. ತಂದೆಯು ಅವನ ಕೈಯನ್ನೆತ್ತಿ ಬಿಟ್ಟರೆ, ಅದು ಮೇಣದ ಬೊಂಬೆಯ ಕೈಯಂತೆ ಎತ್ತಿದಲ್ಲಿಯೇ ನಿಲ್ಲುತ್ತದೆ. ಅಜ್ಜಿಯು ಗಾಳಿ ಸೋಕಿತೆನ್ನುವಳು; ಚಿಕ್ಕಪ್ಪನು ಇದು ಬರಿಯ ಹಟ, ಎರಡು ಬಿಗಿದರೆ ಸರಿಹೋದೀತೆನ್ನುವನು. ಇಬ್ಬರ ಮಾತೂ ತಪ್ಪು.

ಇದು ರೋಗ. ಜರ್ಮನಿಯ ಕಾಲ್‌ಬಾಮ್ ಎಂಬ ವೈದ್ಯನು ೧೮೭೪ರಲ್ಲಿ ಇದರ ಮೇಲೆ ಗ್ರಂಥವನ್ನೇ ಬರೆದು ಕ್ಯಾಟಟೋನಿಯಾ ಎಂಬ ಹೆಸರನ್ನು ನೆಲೆಗೊಳಿಸಿದನು. ಎಲ್ಲರೂ ಕಲ್ಲಾಗಿಯೇ ನಿಲ್ಲುವುದಿಲ್ಲ. ಕೆಲವರು ನಾವಾಡಿದ ಮಾತನ್ನೇ ಗಿಣಿಯಂತೆ ತಿರುಗಿ ಆಡುವರು. ಕೆಲವರು ಒಂದೇ ವಾಕ್ಯವನ್ನು ದಿನವೆಲ್ಲ ಜಪಿಸುವರು. ಮತ್ತೆ ಕೆಲವರು ಸ್ತಬ್ಧರಾಗಿದ್ದವರು ಕಾರಣವಿಲ್ಲದೆ ಎದ್ದು ಆರ್ಭಟಿಸುವರು. ಇದು ಸ್ಕಿಜೋಫ್ರೀನಿಯಾದ ಲಕ್ಷಣ ಮಾತ್ರವೆಂದು ಬಹುಕಾಲ ನಂಬಿದ್ದರು. ಕಡುಖಿನ್ನತೆಯಲ್ಲಿಯೂ ಉನ್ಮಾದದಲ್ಲಿಯೂ ಮಿದುಳಿನ ಉರಿಯೂತದಲ್ಲಿಯೂ ಇದು ತಲೆದೋರುವುದೆಂದು ಈಗ ತಿಳಿದಿದೆ. ಆದುದರಿಂದ ರಕ್ತಪರೀಕ್ಷೆ ಮೊದಲಾದುವು ಅನಾವಶ್ಯಕವೆಂದು ಬೇಸರಪಡಕೂಡದು.

ರೋಗಿಗೆ ಏನೂ ಕೇಳಿಸದೆಂದು ಭಾವಿಸುವುದು ದೊಡ್ಡ ತಪ್ಪು. ಗುಣಹೊಂದಿದ ಎಷ್ಟೋ ಮಂದಿ, ಆಗ ತಮ್ಮ ಮುಂದೆ ಯಾರು ಏನೆಂದರೆಂಬುದನ್ನು ನೆನೆದು ಹೇಳುವುದುಂಟು. ಹೇಳಲಾಗದ ಭಯವೊಂದು ತಮ್ಮನ್ನು ಕಟ್ಟಿಹಾಕಿತ್ತೆನ್ನುವರು. ಚಿಕ್ಕಪ್ಪನವರು ಇದನ್ನು ಮನಸ್ಸಿನಲ್ಲಿಡಬೇಕು.

ಅನ್ನನೀರಿಲ್ಲದೆ ಮೈಯೊಣಗುವುದು, ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವುಗಳಿಂದ ಪ್ರಾಣಕ್ಕೇ ಅಪಾಯ. ಮೈ ಸೆಟೆದು ಜ್ವರವೇರಿದರಂತೂ ಒಂದು ಗಳಿಗೆಯೂ ತಡೆಯತಕ್ಕದ್ದಲ್ಲ.

ಇಷ್ಟು ಭೀಕರವಾಗಿ ಕಾಣುವ ಈ ರೋಗವು ಮನೋರೋಗಗಳಲ್ಲಿ ಬೇಗನೆ ಮಣಿಯುವವುಗಳಲ್ಲೊಂದು. ವೈದ್ಯರು ಲೊರಾಜೆಪಾಮ್ ಎಂಬ ಮದ್ದನ್ನು ಸೂಜಿಯಿಂದ ಕೊಟ್ಟರೆ, ಎಷ್ಟೋ ವೇಳೆ ಗಂಟೆಯೊಳಗಾಗಿ ರೋಗಿಯು ಕಣ್ಣೆತ್ತಿ ನೀರು ಕೇಳುವನು. ಅಷ್ಟಕ್ಕೇ ಗುಣವಾಯಿತೆಂದು ಮನೆಗೆ ಕರೆತರಬಾರದು. ಮದ್ದನ್ನು ದಿನಗಟ್ಟಲೆ ಮುಂದುವರಿಸಬೇಕಾಗುವುದು. ದನಿ ಕೇಳುವ ಕಾಯಿಲೆಗೆಂದು ಕೊಡುವ ಕೆಲವು ಮಾತ್ರೆಗಳು ಈ ಸ್ಥಿತಿಯನ್ನು ಹೆಚ್ಚಿಸುವುದೂ ಉಂಟಾದುದರಿಂದ, ಹಳೆಯ ಚೀಟಿ ನೋಡಿ ಅಂಗಡಿಯಿಂದ ತಂದು ನುಂಗಿಸಕೂಡದು.

ಲೊರಾಜೆಪಾಮಿಗೆ ಬಗ್ಗದಿದ್ದರೆ ವಿದ್ಯುಚ್ಚಿಕಿತ್ಸೆಯುಂಟು. ಹೆಸರು ಕೇಳಿಯೇ ಗೃಹಸ್ಥರು ಬೆದರುವರು. ಇದರ ಮೂಲವು ನಮ್ಮ ಮಂಗಳಾರತಿಯ ಕರ್ಪೂರದಲ್ಲಿದೆಯೆಂದರೆ ಸೋಜಿಗವಲ್ಲವೆ? ೧೯೩೪ರಲ್ಲಿ ಬುಡಾಪೆಸ್ಟಿನ ಮೆಡೂನಾ ಎಂಬಾತನು ಇಂತಹ ಸ್ತಬ್ಧರೋಗಿಗೆ ಎಣ್ಣೆಯಲ್ಲಿ ಕರಗಿಸಿದ ಕರ್ಪೂರವನ್ನು ಚುಚ್ಚಿ ಸೆಳವು ಬರಿಸಿದನು. ೧೯೩೮ರಲ್ಲಿ ರೋಮಿನ ಚೆರ್ಲೆಟ್ಟಿ, ಬಿನಿ ಎಂಬವರು ವಿದ್ಯುತ್ತಿನಿಂದ ಅದನ್ನು ಸಾಧಿಸಿದರು. ಈಗ ರೋಗಿಗೆ ಅರಿವಳಿಕೆಯನ್ನೂ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನೂ ಕೊಟ್ಟೇ ಮಾಡುವರು. ಹಾಗಲ್ಲದೆ ಮಾಡುವುದನ್ನು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ. ಕೆಲಕಾಲ ಮರೆವು ಉಂಟಾಗುವುದು ನಿಜ. ಆದರೆ ಉಣ್ಣದೆ ಬಿದ್ದಿರುವವನ ಪ್ರಾಣಕ್ಕಿಂತ ಅದು ಹೆಚ್ಚಿನದಲ್ಲವೆಂಬುದು ನನ್ನ ಅಭಿಪ್ರಾಯ.

ಪದ್ಮನಾಭನಗರದವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಜಯನಗರವನ್ನು ದಾಟಿದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ೧೮೪೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಚ್ಚಾಸ್ಪತ್ರೆಯು ೧೯೨೫ರಲ್ಲಿ ಆ ಹೆಸರನ್ನು ಕಳಚಿ ಮಾನಸಿಕ ಆಸ್ಪತ್ರೆಯಾಗಿ, ೧೯೭೪ರಲ್ಲಿ ಈ ಸಂಸ್ಥೆಯಲ್ಲಿ ಸೇರಿತು. ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್, ೧೪೪೧೬ ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೊರಡುವಾಗ ತಾಯಿಯು ಮೂರು ಸಂಗತಿಗಳನ್ನು ಕಾಗದದಲ್ಲಿ ಬರೆದುಕೊಳ್ಳಲಿ: ಕೊನೆಯ ಸಲ ನೀರು ಕುಡಿದದ್ದು ಯಾವಾಗ, ಮಾತು ನಿಂತದ್ದು ಎಂದು, ಯಾವ ಮಾತ್ರೆಯನ್ನು ಎಂದಿನಿಂದ ಕೊಡುತ್ತಿದ್ದರು ಅಥವಾ ನಿಲ್ಲಿಸಿದರು. ವೈದ್ಯರು ಮೊದಲು ಕೇಳುವುದು ಇವನ್ನೇ.