ಕಾಲುವೆಯ ದಂಡೆಯಲ್ಲಿ ಅಬ್ಬಕ್ಕ

ಮಳೆ ಹಿಂದೆಗೆದು ಮಾಗಿ ಕಾಲಿರಿಸಿತೆಂದರೆ ನಮ್ಮ ಪುತ್ತೂರಿನ ಸೀಮೆಯಲ್ಲಿ ತೋಡುಗಳಿಗೆ ಕಟ್ಟ ಹಾಕುವ ಕಾಲ ಬಂದಿತೆಂದೇ ಅರ್ಥ. ಕಲ್ಲು, ಮಣ್ಣು, ಸೊಪ್ಪುಗಳನ್ನೊಟ್ಟಿ, ಹರಿದುಹೋಗುವ ನೀರನ್ನು ತಡೆದು, ಅಡಕೆಯ ತೋಟಕ್ಕೂ ಗದ್ದೆಗೂ ತಿರುಗಿಸಿಕೊಳ್ಳುವ ಈ ಕೆಲಸ ಒಬ್ಬರಿಂದ ಆಗತಕ್ಕದ್ದಲ್ಲ. ಹತ್ತು ಮನೆಯವರು ಕೂಡಬೇಕು. ಮೇಲಿನವರು ಕೆಳಗಿನವರ ಪಾಲನ್ನು ನೆನೆಯಬೇಕು. ಇಂದು ವಿರಳವಾಗುತ್ತಿರುವ ಈ ಕೆಲಸವನ್ನು ಎಲ್ಲಿಯಾದರೂ ಕಂಡಾಗ ನನಗೆ ಉಳ್ಳಾಲದ ರಾಣಿ ಅಬ್ಬಕ್ಕನ ನೆನಪಾಗುತ್ತದೆ.

ಈ ಮಾತು ವಾಚಕರಿಗೆ ವಿಚಿತ್ರವೆನಿಸಬಹುದು. ಅಬ್ಬಕ್ಕನೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಹಿರಿದ ಖಡ್ಗ, ಪೋರ್ಚುಗೀಸರ ಹಡಗುಗಳ ಮೇಲೆ ಸುರಿದ ಅಗ್ನಿಬಾಣ. 2012ರಲ್ಲಿ ಕರಾವಳಿ ಕಾವಲು ಪಡೆಯ ನೌಕೆಯೊಂದಕ್ಕೆ ಆಕೆಯ ಹೆಸರಿಟ್ಟದ್ದೂ ಈ ಶೌರ್ಯಕ್ಕೆ ಸಂದ ಗೌರವವೇ. ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂಬುದು ವಿದ್ವಾಂಸರ ಅಭಿಪ್ರಾಯ. ಜನಮನ ಅವರನ್ನೆಲ್ಲ ಒಂದೇ ವೀರಮೂರ್ತಿಯಾಗಿ ಎರಕ ಹೊಯ್ದಿದೆ. ಆದರೆ ಕಣ್ಣಾರೆ ಕಂಡವನೊಬ್ಬನು ಬರೆದಿಟ್ಟ ಚಿತ್ರವೇ ಬೇರೆ.

ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ನೇತ್ರಾವತಿ ಪಡುವಣ ಕಡಲನ್ನು ಸೇರುವೆಡೆಯಲ್ಲಿ, ದಕ್ಷಿಣದ ದಡಕ್ಕೆ ಉಳ್ಳಾಲವಿದೆ. ಅಲ್ಲಿ ಆಳುತ್ತಿದ್ದವರು ಚೌಟರು. ಹೊಳೆಯಾಚೆಯ ಬಂಗರಸನು ರಾಣಿಯ ಪತಿಯಾಗಿದ್ದು, ಬಳಿಕ ವೈರಿಯಾದನು. ಅವನು ಪೋರ್ಚುಗೀಸರ ಆಸರೆ ಪಡೆದನು. ರಾಣಿ ಇಕ್ಕೇರಿಯ ವೆಂಕಟಪ್ಪನಾಯಕನ ನೆರವನ್ನು ಬೇಡಿದಳು. 1618ರ ಸುಮಾರಿಗೆ ಇಕ್ಕೇರಿಯ ಸೈನ್ಯದೆದುರು ಬಂಗನೂ ಅವನ ಮಿತ್ರರೂ ಸೋತರು. ಇದು ಎಲ್ಲರೂ ಹೇಳುವ ಕಥೆ. ಕದನ ಮುಗಿದ ಮೇಲೆ ನಾಡು ಏನಾಯಿತು?

1623ರ ಡಿಸೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಇಕ್ಕೇರಿಯಿಂದ ಮಂಗಳೂರಿಗಿಳಿದು, ಈ ರಾಣಿಯನ್ನು ಕಾಣಲು ‘ಮನೇಲ್’ ಎಂದು ತಾನು ಕರೆದ ಊರಿಗೆ ಹೋದನು. ‘ಅಬಗ್ ದೇವಿ ಚೌತ್ರು’ ಎಂದು ಆತ ಬರೆದುಕೊಂಡ ಹೆಸರಿನಲ್ಲಿ ನಮ್ಮ ಅಬ್ಬಕ್ಕದೇವಿ ಚೌಟರನ್ನು ಗುರುತಿಸುವುದು ಕಷ್ಟವಲ್ಲ. ಆತನು ಅರಮನೆಯನ್ನೂ ಸಿಂಹಾಸನವನ್ನೂ ನಿರೀಕ್ಷಿಸಿದ್ದನೋ ಏನೋ! ರಾಣಿ ಎದುರಾದದ್ದು ಪೇಟೆಯ ಬೀದಿಯಲ್ಲಿ. ಬರಿಗಾಲಿನಲ್ಲಿ, ಸಾಮಾನ್ಯ ಬಿಳಿಯ ಹತ್ತಿಬಟ್ಟೆಯನ್ನುಟ್ಟು, ತಾಳೆಗರಿಯ ಕೊಡೆಯ ನೆರಳಿನಲ್ಲಿ, ಹಿಂದೆ ಮುಂದೆ ಬೆರಳೆಣಿಕೆಯ ಭಟರೊಡನೆ. ವಯಸ್ಸು ನಲ್ವತ್ತರ ಆಸುಪಾಸು. ಆಕೆ ಹೊರಟಿದ್ದುದು ನೀರಾವರಿಗಾಗಿ ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಿಕೊಳ್ಳಲು. ಯೂರೋಪಿನಲ್ಲಿ ಅಷ್ಟು ಪ್ರಬಲನಾದ ಸ್ಪೇನಿನ ದೊರೆಯ ಸೇನೆಯನ್ನು ಸೋಲಿಸಿದವಳು ಇವಳೇ ಎಂದು ಆತ ಮನಸ್ಸಿನಲ್ಲೇ ಬೆರಗಾದನು. ಉಡುಗೆಯನ್ನು ಕಂಡು ಹಗುರವಾಗಿ ಎಣಿಸಿದವನು, ಮಾತನ್ನು ಕೇಳಿದ ಮೇಲೆ ಆಕೆಯ ವಿವೇಕವನ್ನು ಒಪ್ಪಿಕೊಂಡನು.

ಯುದ್ಧವನ್ನು ಗೆಲ್ಲುವುದು ಒಂದು ಸಾಮರ್ಥ್ಯ. ಯುದ್ಧದಿಂದ ಬಳಲಿದ ನಾಡನ್ನು ಮತ್ತೆ ಉಣ್ಣುವಂತೆ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಕಹಳೆಯುಂಟು, ಎರಡನೆಯದಕ್ಕೆ ಇಲ್ಲ. ನೀರು ಹರಿದಲ್ಲದೆ ಗದ್ದೆಯಿಲ್ಲ, ಗದ್ದೆಯಿಲ್ಲದೆ ಪ್ರಜೆಯಿಲ್ಲ ಎಂಬುದನ್ನು ಆ ಅರಸಿ ಅರಿತಿದ್ದಳು. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ನೆಲವಾದುದರಿಂದ ಆಕೆಯ ಅಧಿಕಾರ ಗಂಡನಿಂದ ಪಡೆದ ಎರವಲಾಗಿರಲಿಲ್ಲ ಎಂಬುದೂ ನಿಜ. ಆದರೆ ಅದೇ ಪದ್ಧತಿಯ ಎಷ್ಟೋ ಮನೆಗಳಲ್ಲಿ ಆಸ್ತಿ ಹೆಣ್ಣಿನದಾದರೂ ಯಜಮಾನಿಕೆ ಸೋದರಮಾವನ ಕೈಯಲ್ಲಿರುತ್ತಿತ್ತು. ಹಕ್ಕು ಕುಲದಿಂದ ಬಂದೀತು. ನಾಯಕತ್ವ ಬರಿಗಾಲಿನಲ್ಲಿ ನಡೆದೇ ಬರಬೇಕು.

ನಮ್ಮ ಕಾಲದ ನಿದರ್ಶನಗಳೂ ಇದನ್ನೇ ಹೇಳುತ್ತವೆ. 1994ರ ನರಮೇಧದಿಂದ ಜರ್ಜರಿತವಾದ ಆಫ್ರಿಕದ ರುವಾಂಡದಲ್ಲಿ 2003ರ ಸಂವಿಧಾನವು ಸ್ತ್ರೀಯರಿಗೆ ಕನಿಷ್ಠ ನೂರಕ್ಕೆ 30ರಷ್ಟು ಸ್ಥಾನಗಳನ್ನು ಕೊಟ್ಟಿತು. 2008ರ ಚುನಾವಣೆಯಲ್ಲಿ ಸಂಸತ್ತಿನ ಕೆಳಮನೆಯ ಅರ್ಧಕ್ಕೂ ಹೆಚ್ಚು ಸ್ಥಾನಗಳು ಅವರವಾದವು. ಯುದ್ಧ ಕಾಣದ ನಮ್ಮ ಕರ್ನಾಟಕದ ಪಂಚಾಯತಿಗಳಲ್ಲಿಯೂ 2010ರ ತಿದ್ದುಪಡಿಯ ಬಳಿಕ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಹಾಗಿದ್ದೂ, ಆರಿಸಿಬಂದ ಹೆಂಡತಿಯ ಪರವಾಗಿ ಗಂಡನೇ ಮಾತನಾಡುವ ದೃಶ್ಯ ಅಪರೂಪವಲ್ಲ. ಕುರ್ಚಿ ದೊರೆತ ಮಾತ್ರಕ್ಕೆ ಕಾಲುವೆಯ ದಂಡೆ ತಾನಾಗಿ ದೊರೆಯದು.

ಮಕ್ಕಳಿಗೆ ಅಬ್ಬಕ್ಕನ ಖಡ್ಗವನ್ನು ನಾವು ತೋರಿಸಿದ್ದೇವೆ, ತೋರಿಸಬೇಕಾದದ್ದೇ. ಅದರೊಡನೆ ಆ ತಾಳೆಗರಿಯ ಕೊಡೆಯನ್ನೂ ತೋರಿಸೋಣ. ಖಡ್ಗವನ್ನು ಎತ್ತುವ ಸಂದರ್ಭ ಎಲ್ಲರ ಬಾಳಿನಲ್ಲೂ ಬಾರದು. ತೋಡಿನ ನೀರನ್ನು ಹತ್ತು ಮನೆಗೆ ಹಂಚುವ ಹೊಣೆ ಮಾತ್ರ ಪ್ರತಿ ಮಾಗಿಯಲ್ಲೂ ನಮ್ಮೆದುರಿಗೆ ಬಂದು ನಿಲ್ಲುತ್ತದೆ.