ಮೀನು ಕಚ್ಚಲಿಲ್ಲ, ಚುಚ್ಚಿತು

ದಸರಾ ರಜೆ ಮುಗಿಸಿ ಕಾಲೇಜಿಗೆ ಬಂದ ದಿನ ನನ್ನ ಬಲಗೈ ಬ್ಯಾಂಡೇಜ್ ನೋಡಿ ನಮ್ಮ ಬೆಂಚಿನವರೆಲ್ಲ ಕೇಳಿದ್ದು ಒಂದೇ ಮಾತು: "ಏನೋ, ಮೀನ ಕಚ್ಚಿತಂತಲ್ಲ?" ಕಚ್ಚಲಿಲ್ಲ, ಚುಚ್ಚಿತು. ಈ ವ್ಯತ್ಯಾಸ ಹೇಳಿ ಹೇಳಿ ಸಾಕಾಗಿದೆ. ಎಲ್ಲರಿಗೂ ಒಮ್ಮೆಗೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಮೊದಲ ನಾಲ್ಕು ಸಾಲು ಎಡಗೈಯಲ್ಲಿ ಬರೆದಿದ್ದೆ, ನನಗೇ ಓದಲು ಬರಲಿಲ್ಲ.

ಕರೋಶಿಯ ಹುಡುಗನಿಗೂ ಕಡಲಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಖಾಲಾ ಇರುವುದು ಭಟ್ಕಳದಲ್ಲಿ. ಅಲ್ಲಿಂದ ಮುರುಡೇಶ್ವರ ಹತ್ತಿರ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಪಾರಿವಾಳ ದ್ವೀಪ ಎಂದೂ ಹೇಳುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಡೈವಿಂಗಿಗೆ ನಮ್ಮ ರಾಜ್ಯದಲ್ಲಿ ಹೆಸರಾದ ಜಾಗ ಅದು. ಅಬ್ಬಾ ಮೊದಲು ಬೇಡವೆಂದರು. ಖಾಲಾನ ಮಗ ಅನ್ವರ್ ಭಾಯಿ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ ಒಪ್ಪಿಸಿದರು. ಇದು ಮುಂದೆ ಮುಖ್ಯವಾಗುತ್ತದೆ.

ನೀರಿಗಿಳಿಯುವ ಮೊದಲು ತರಬೇತಿ ಕೊಡುವವರು ಕೈಸನ್ನೆ ಕಲಿಸಿದರು. ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲೆ ಹೋಗೋಣ' ಎಂದು. ಉಸಿರು ಎಂದೂ ಕಟ್ಟಬಾರದು. ಯಾವುದನ್ನೂ ಮುಟ್ಟಬಾರದು. ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ಹಾಗಾಗಿ ತಪ್ಪು ನನ್ನದೇ.

ಸುಮಾರು 8 ಮೀಟರ್ ಆಳದಲ್ಲಿ ನೀರಿನ ಸೆಳೆತಕ್ಕೆ ಸ್ವಲ್ಪ ವಾಲಿದೆ. ಬಸ್ಸಿನಲ್ಲಿ ಕಂಬಿ ಹಿಡಿಯುವ ಹಾಗೆ ಪಕ್ಕದ ಬಂಡೆ ಹಿಡಿದೆ. ಬಂಡೆಯ ಅಡಿಯಲ್ಲಿ ಒಂದು ಸಿಂಹಮೀನು ನಿಂತಿತ್ತು. ಕೆಂಪು-ಬಿಳಿ ಪಟ್ಟೆ, ಗರಿ ಬಿಚ್ಚಿದ ಹುಂಜದಂಥ ರೆಕ್ಕೆಗಳು. ಅದು ನನ್ನ ಮೇಲೆ ಬರಲಿಲ್ಲ, ನಾನೇ ಅದರ ಮುಳ್ಳಿಗೆ ಬೆರಳು ಕೊಟ್ಟೆ.

ಈ ಮೀನಿನ ಬೆನ್ನ ಮೇಲೆ 13, ಹೊಟ್ಟೆಯ ಕೆಳಗೆ 2, ಬಾಲದ ಹತ್ತಿರ ಅಡಿಯಲ್ಲಿ 3, ಹೀಗೆ ಒಟ್ಟು 18 ವಿಷಮುಳ್ಳುಗಳು. ಹಾವಿನ ಹಾಗೆ ಇದು ಕಚ್ಚಿ ವಿಷ ಬಿಡುವುದಿಲ್ಲ. ಮುಳ್ಳಿನ ಉದ್ದಕ್ಕೂ ಇರುವ ಸಣ್ಣ ಕಾಲುವೆಯಲ್ಲಿ ವಿಷದ ಗ್ರಂಥಿ ಇರುತ್ತದೆ, ಮೇಲೆ ತೆಳು ಚರ್ಮದ ಹೊದಿಕೆ. ಮುಳ್ಳು ನಮ್ಮ ಮೈಗೆ ಚುಚ್ಚಿದಾಗ ಆ ಹೊದಿಕೆ ಹಿಂದೆ ಸರಿಯುತ್ತದೆ, ವಿಷ ಗಾಯಕ್ಕಿಳಿಯುತ್ತದೆ. ಎಷ್ಟು ಒತ್ತುತ್ತೇವೋ ಅಷ್ಟು ವಿಷ. ಬೇಟೆಗಲ್ಲ, ತನ್ನ ಜೀವ ಉಳಿಸಿಕೊಳ್ಳಲು ಇರುವ ಮುಳ್ಳು ಅದು.

ಚುಚ್ಚಿದ ಕೂಡಲೇ ನನಗೆ ಬಂದ ಬುದ್ಧಿ ಒಂದೇ: ಮೇಲಕ್ಕೆ ಹಾರುವುದು. ವಿಷಕ್ಕಿಂತ ದೊಡ್ಡ ಅಪಾಯ ಅದು ಎಂದು ಆಮೇಲೆ ತಿಳಿಯಿತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ತರಬೇತಿದಾರರು ನನ್ನ ಜಾಕೆಟ್ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಉಸಿರು ಬಿಡಿಸುತ್ತ ನಿಧಾನವಾಗಿ ಮೇಲೆ ತಂದರು.

ದೋಣಿಗೆ ಬಂದ ಮೇಲೆ ಅವರು ಮೊದಲು ಮಾಡಿದ್ದು ನನ್ನ ಬೆಳ್ಳಿ ಉಂಗುರ ತೆಗೆದದ್ದು. ಕೈ ಬಾತ ಮೇಲೆ ಉಂಗುರ ಬರುವುದಿಲ್ಲ, ರಕ್ತ ಹರಿಯುವುದನ್ನೇ ತಡೆಯುತ್ತದೆ. ಆಗಲೇ ನೋವು ಮೊಣಕೈ ದಾಟಿತ್ತು. ಬಾಗಿಲ ಸಂದಿಗೆ ಸಿಕ್ಕ ಬೆರಳನ್ನು ಯಾರೋ ಬಿಡದೆ ಒತ್ತುತ್ತಿರುವ ಹಾಗೆ. ಪಕ್ಕದವರೊಬ್ಬರು ಐಸ್ ಇಡಿ ಎಂದರು, ಇನ್ನೊಬ್ಬರು ಮಣಿಕಟ್ಟಿಗೆ ಹಗ್ಗ ಬಿಗಿಯಿರಿ ಎಂದರು. ಎರಡೂ ಬೇಡ. ಚಹಾಕ್ಕೆಂದು ತಂದ ಫ್ಲಾಸ್ಕಿನ ನೀರನ್ನು ತಣ್ಣೀರಿಗೆ ಬೆರೆಸಿ, ತಮ್ಮ ಕೈ ಅದ್ದಿ ನೋಡಿ, ಆಮೇಲೆ ನನ್ನ ಕೈ ಮುಳುಗಿಸಿದರು.

ಇದೇ ಈ ಲೇಖನದ ಮುಖ್ಯ ವಿಷಯ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಮೀನಿನ ವಿಷ ಪ್ರೋಟೀನಿನಿಂದಾದದ್ದು. ಮೊಟ್ಟೆಯ ಬಿಳಿ ಕಾವಿಗೆ ಗಟ್ಟಿಯಾದ ಮೇಲೆ ಮತ್ತೆ ನೀರಾಗುವುದಿಲ್ಲವಲ್ಲ, ಹಾಗೆಯೇ ಈ ಪ್ರೋಟೀನೂ ಶಾಖಕ್ಕೆ ಕೆಡುತ್ತದೆ. ಬಿಸಿ ನೋವಿನ ನರಗಳನ್ನೂ ಸುಮ್ಮನಾಗಿಸುತ್ತದೆ ಎನ್ನುತ್ತಾರೆ. ನೀರು ತಡೆದುಕೊಳ್ಳುವಷ್ಟು ಬಿಸಿ ಇರಬೇಕು, 45 ಡಿಗ್ರಿ ಸೆಲ್ಸಿಯಸ್ ದಾಟಬಾರದು. 30ರಿಂದ 90 ನಿಮಿಷ ಇಡಬೇಕು, ಆರಿದಂತೆ ಬಿಸಿನೀರು ಸೇರಿಸುತ್ತಿರಬೇಕು. ಬಿಸಿ ಎಷ್ಟಿದೆ ಎಂದು ನೋಡಬೇಕಾದದ್ದು ಚುಚ್ಚಿದ ಕೈಯಿಂದಲ್ಲ, ಬೇರೆಯವರ ಕೈಯಿಂದ. ನೋವಿನ ಕೈಗೆ ಬಿಸಿ ಸರಿಯಾಗಿ ಗೊತ್ತಾಗದೆ ಚರ್ಮ ಸುಟ್ಟುಕೊಂಡವರೂ ಇದ್ದಾರಂತೆ. ಹತ್ತು ನಿಮಿಷದಲ್ಲಿ ನನ್ನ ನೋವು ಅರ್ಧಕ್ಕಿಳಿಯಿತು. ದಡ ಸೇರುವಷ್ಟರಲ್ಲಿ ನಾನು ನಗುತ್ತಿದ್ದೆ.

"ಆಸ್ಪತ್ರೆಗೆ ಹೋಗಿ ತೋರಿಸಿ" ಎಂದು ಅವರು ಹೇಳಿಯೇ ಕಳಿಸಿದ್ದರು. ನಾನು ಹೋಗಲಿಲ್ಲ. ಹೋದರೆ ಅಬ್ಬಾನಿಗೆ ಗೊತ್ತಾಗುತ್ತದೆ, ಅನ್ವರ್ ಭಾಯಿಗೆ ಬೈಗುಳ ಬೀಳುತ್ತದೆ. ಬಾಗಿಲಿಗೆ ಕೈ ಸಿಕ್ಕಿತು ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಕರೋಶಿಗೆ ಬಂದ ಮೂರನೆಯ ದಿನ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು, ಕಂಕುಳಲ್ಲಿ ಗಂಟು, ರಾತ್ರಿ ಜ್ವರ. ಅಮ್ಮಿ ಅರಿಶಿನ ಹಚ್ಚಲು ಕೈ ಹಿಡಿದಾಗ ಚೀರಿಬಿಟ್ಟೆ. ಸತ್ಯ ಹೊರಗೆ ಬಂತು. ಅಬ್ಬಾ ಬೈಯಲಿಲ್ಲ, ಗಾಡಿ ಚಾಲೂ ಮಾಡಿದರು. ಚಿಕ್ಕೋಡಿ ಮುಟ್ಟುವತನಕ ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ವೈದ್ಯರು ಎಕ್ಸ್-ರೇ ತೆಗೆಸಿದರು. ದಾರದಷ್ಟು ತೆಳ್ಳನೆಯ ಮುಳ್ಳಿನ ತುಂಡು ಒಳಗೇ ಉಳಿದಿತ್ತು. ಬೆರಳು ಮರಗಟ್ಟಿಸಿ ಅದನ್ನು ತೆಗೆದು, ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟರು. ಕಡಲ ನೀರಿನಲ್ಲಾದ ಗಾಯ ಎಂದು ಹೇಳಿದ್ದು ಒಳ್ಳೆಯದಾಯಿತು ಎಂದರು. ಅಲ್ಲಿ ವಿಬ್ರಿಯೋ ಎಂಬ ಜಾತಿಯ ಬ್ಯಾಕ್ಟೀರಿಯಾಗಳಿರುತ್ತವೆ, ಅದಕ್ಕೆ ತಕ್ಕ ಮಾತ್ರೆಯನ್ನೇ ಆರಿಸಬೇಕಾಗುತ್ತದೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇದಕ್ಕಾಗುವುದಿಲ್ಲವೇ ಎಂದು ಅಬ್ಬಾ ಕೇಳಿದರು. ನಮ್ಮ ದೇಶದ ಆ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಸಿಂಹಮೀನಿನ ಇನ್ನೂ ಭಯಂಕರ ಬಂಧು ಕಲ್ಲುಮೀನು. ಅದರ ವಿಷಕ್ಕೆ ಪ್ರತಿವಿಷ ಇದೆ, ಆದರೆ ಅದು ಆಸ್ಟ್ರೇಲಿಯಾದಲ್ಲಿ ತಯಾರಾಗುತ್ತದೆ.

ಆಮೇಲಿನ ಮೂರು ವಾರ ಯಾರಿಗೂ ಕಾಣದ ಕಷ್ಟ. ಜ್ವರ ಇಲ್ಲ, ನೋವು ಇಲ್ಲ, ಆದರೆ ಬೆರಳು ಮಡಚಲು ಬರುವುದಿಲ್ಲ. ಅಕೌಂಟೆನ್ಸಿ ಕಿರುಪರೀಕ್ಷೆಯಲ್ಲಿ ಲೆಕ್ಕವೆಲ್ಲ ಗೊತ್ತಿದ್ದೂ ಲೆಡ್ಜರ್ ಗೆರೆ ಹೊಡೆಯುವುದರಲ್ಲೇ ಅರ್ಧ ವೇಳೆ ಹೋಯಿತು. ಬೆರಳಿಗೆ ವ್ಯಾಯಾಮ ಬೇಕು ಎಂದು ವೈದ್ಯರು ಹೇಳಿದ್ದನ್ನು ಅಮ್ಮಿ ತಮ್ಮದೇ ರೀತಿಯಲ್ಲಿ ಪಾಲಿಸಿದರು: ದಿನಾ ಸಂಜೆ ಚಪಾತಿ ಹಿಟ್ಟು ನಾದುವುದು ನನ್ನ ಪಾಲಿಗೆ ಬಂತು. ಈಗ ಇಡೀ ಮನೆಗಾಗುವಷ್ಟು ನಾದುತ್ತೇನೆ.

ಇದೆಲ್ಲ ಕಡಲ ಮಾತು, ನಮಗೇಕೆ ಎನ್ನುವವರಿಗೆ ನಮ್ಮ ದಾದಿಯ ಮಾತು. ಅವರ ತವರು ಕೃಷ್ಣೆಯ ದಂಡೆ, ಯಡೂರಿನ ಕಡೆ. ನನ್ನ ಕಥೆ ಕೇಳಿ, "ನಮ್ಮ ಹೊಳೆಯಲ್ಲೂ ಇದೆಯಲ್ಲ" ಎಂದರು. ಅವರು ಹೇಳಿದ್ದು ಚೇಳು ಮೀನು. ಕಪ್ಪು-ಕಂದು ಬಣ್ಣದ, ಮೀಸೆಯಿರುವ ಸಿಹಿನೀರ ಮೀನು. ಕಿವಿರಿನ ಹಿಂದೆ ಎರಡೂ ಪಕ್ಕ ಒಂದೊಂದು ವಿಷಮುಳ್ಳು. ಬಲೆಯಿಂದ ಬಿಡಿಸುವಾಗ, ಕೆಸರಲ್ಲಿ ಕೈಯಾಡಿಸುವಾಗ ಚುಚ್ಚುತ್ತದೆ. ಚುಚ್ಚಿಸಿಕೊಂಡವರು ಒಲೆಯ ಮುಂದೆ ಕುಳಿತು ಬೆರಳಿಗೆ ಕಾವು ಕೊಡುತ್ತಿದ್ದರಂತೆ. ಬೆಂಕಿಗಿಂತ ಬಿಸಿನೀರು ಕ್ಷೇಮ, ಆದರೆ ದಾರಿ ಅದೇ. ಪ್ರೋಟೀನ್ ಎಂಬ ಪದ ದಾದಿಗೆ ಗೊತ್ತಿಲ್ಲ.

ಪ್ರವಾಸಕ್ಕೆ ಗೋಕರ್ಣ, ಮಲ್ಪೆ, ಗೋವಾ ಕಡೆ ಹೋಗುವವರಿಗೆ ತೊರಕೆ ಮೀನಿನ ಬಗ್ಗೆಯೂ ಒಂದು ಮಾತು. ತಟ್ಟೆಯಂತೆ ಚಪ್ಪಟೆಯಾಗಿ ಮರಳಿನಲ್ಲಿ ಹುದುಗಿರುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. 2013ರಲ್ಲಿ ಮುಂಬೈಯ ಗಿರಗಾಂವ್ ಚೌಪಾಟಿಯಲ್ಲಿ ಗಣೇಶ ವಿಸರ್ಜನೆಗೆ ನೀರಿಗಿಳಿದ ಹಲವರು ಹೀಗೆ ಆಸ್ಪತ್ರೆ ಸೇರಿದ್ದರು. ನೀರಿನಲ್ಲಿ ಕಾಲೆತ್ತಿ ಹೆಜ್ಜೆಯಿಡದೆ, ಮರಳಿನ ಮೇಲೆ ಪಾದ ಎಳೆಯುತ್ತ ನಡೆದರೆ ಅದು ತಾನೇ ಸರಿದು ಹೋಗುತ್ತದೆ. ಇದಕ್ಕೂ ಮೊದಲ ಉಪಚಾರ ಬಿಸಿನೀರೇ. ಆದರೆ ಎದೆಗೆ, ಹೊಟ್ಟೆಗೆ, ಕುತ್ತಿಗೆಗೆ ಚುಚ್ಚಿದರೆ ಮುಳ್ಳು ಕೀಳಬಾರದು, ಬಿಸಿನೀರಿಗೆಂದು ಕಾಯಲೂಬಾರದು. ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ 2006ರಲ್ಲಿ ತೀರಿಕೊಂಡದ್ದು ಎದೆಗೆ ತೊರಕೆಯ ಮುಳ್ಳು ತಾಗಿ.

ನನ್ನ ಬೆರಳ ತುದಿ ಚಳಿಗೆ ಇನ್ನೂ ಜುಮ್ಮೆನ್ನುತ್ತದೆ. ಉಂಗುರ ಅಮ್ಮಿಯ ಕಪಾಟಿನಲ್ಲಿದೆ. ಅನ್ವರ್ ಭಾಯಿ ಹೋದ ವಾರ ಫೋನ್ ಮಾಡಿ, ಬೇಸಿಗೆಯಲ್ಲಿ ಮತ್ತೆ ಬರುತ್ತೀಯಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಬ್ಬಾ ಫೋನ್ ಕಿತ್ತುಕೊಂಡು, "ಬರುತ್ತಾನೆ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು" ಎಂದರು.