ತಂಡದ ಆಯ್ಕೆ, ತಂತ್ರಗಳಿಂದ ಫುಟ್‌ಬಾಲ್ ಫಲಿತಾಂಶ ಎಷ್ಟರಮಟ್ಟಿಗೆ ಬದಲಾಗುತ್ತದೆ?

ರಾಷ್ಟ್ರೀಯ ತಂಡದ ಕೋಚ್ ಕ್ಲಬ್ ಕೋಚ್‌ನಂತೆ ಬೇಕಾದ ಆಟಗಾರನನ್ನು ಹಣ ಕೊಟ್ಟು ತರಲಾರ. ಅಭ್ಯಾಸಕ್ಕೆ ಸಿಗುವ ದಿನಗಳೂ ಕಡಿಮೆ. ಆದ್ದರಿಂದ ಇರುವವರಲ್ಲಿ ಯಾರನ್ನು, ಎಲ್ಲಿ ಆಡಿಸಬೇಕೆಂಬ ತೀರ್ಮಾನಕ್ಕೆ ಇಲ್ಲಿ ತೂಕ ಹೆಚ್ಚು.

2022ರ ಕತಾರ್ ವಿಶ್ವಕಪ್‌ನ ಅರ್ಜೆಂಟೀನಾ ಇದಕ್ಕೆ ಒಳ್ಳೆಯ ನಿದರ್ಶನ. 36 ಪಂದ್ಯಗಳಲ್ಲಿ ಸೋಲು ಕಾಣದೆ ಬಂದಿದ್ದ ತಂಡ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ 1-2ರಿಂದ ಸೋತಿತು. ಸೌದಿ ರಕ್ಷಣಾ ಆಟಗಾರರು ಗೋಲಿನಿಂದ ಬಹಳ ಮುಂದೆ ಸಾಲಾಗಿ ನಿಂತು ಬೀಸಿದ ಆಫ್‌ಸೈಡ್ ಬಲೆಗೆ ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಸಿಕ್ಕಿಬಿದ್ದು ರದ್ದಾದವು. ಸೋಲಿನ ನಂತರ ಕೋಚ್ ಲಿಯೊನೆಲ್ ಸ್ಕಲೋನಿ ಹಳಬರ ಮುಲಾಜು ನೋಡಲಿಲ್ಲ. ಮೂರನೇ ಪಂದ್ಯದ ಹೊತ್ತಿಗೆ ಎಂಜೊ ಫೆರ್ನಾಂಡಿಸ್, ಮ್ಯಾಕ್ ಅಲಿಸ್ಟರ್, ಹುಲಿಯನ್ ಆಲ್ವರೆಜ್ ಆರಂಭಿಕ ಹನ್ನೊಂದರಲ್ಲಿದ್ದರು. ಪೋಲೆಂಡ್ ವಿರುದ್ಧದ ಆ 2-0 ಗೆಲುವಿನಲ್ಲಿ ಗೋಲು ಹೊಡೆದವರು ಇವರಲ್ಲಿ ಕೊನೆಯ ಇಬ್ಬರೇ.

ವ್ಯೂಹವೂ ಎದುರಾಳಿಗೆ ತಕ್ಕಂತೆ ಬದಲಾಯಿತು: ನೆದರ್ಲೆಂಡ್ಸ್ ವಿರುದ್ಧ ಐವರು ರಕ್ಷಕರು, ಕ್ರೊವೇಷಿಯಾ ಎದುರು ನಾಲ್ವರು ಮಿಡ್‌ಫೀಲ್ಡರ್‌ಗಳು. ಫ್ರಾನ್ಸ್ ವಿರುದ್ಧದ ಫೈನಲ್‌ನಲ್ಲಿ ವಿಂಗರ್ ಡಿ ಮರಿಯಾ ಎಡಬದಿಗೆ ಬಂದರು. ಫ್ರಾನ್ಸ್ ಇದನ್ನು ನಿರೀಕ್ಷಿಸಿದಂತೆ ಕಾಣಲಿಲ್ಲ. ಮೊದಲ ಗೋಲಿನ ಪೆನಾಲ್ಟಿ ಗಳಿಸಿದ್ದೂ ಎರಡನೆಯ ಗೋಲು ಹೊಡೆದದ್ದೂ ಡಿ ಮರಿಯಾ ಅವರೇ. ಆದರೆ 64ನೇ ನಿಮಿಷದಲ್ಲಿ ಅವರನ್ನು ಹೊರಗೆ ಕರೆಸಿಕೊಂಡ ಮೇಲೆ ಆಟದ ಹಿಡಿತ ಸಡಿಲಾಯಿತು, ಮುಂದೆ ಫ್ರಾನ್ಸ್‌ನ ಎಂಬಪೆ ಎರಡು ನಿಮಿಷಗಳ ಅಂತರದೊಳಗೆ ಎರಡು ಗೋಲು ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯೂ 3-3ರ ಸಮಬಲದಲ್ಲಿ ಮುಗಿದ ಬಳಿಕ ಪಂದ್ಯ ಇತ್ಯರ್ಥವಾದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಅಲ್ಲಿ ವ್ಯೂಹಕ್ಕಿಂತ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಅವರ ಕೈಚಳಕವೇ ಹೆಚ್ಚು ನೆರವಾಯಿತು.